ಥೋರ್ಲೈಫ್ ಹೌಗ್

ಥೋರ್ಲೈಫ್ ಹೌಗ್ (ಸೆಪ್ಟೆಂಬರ್ 28, 1894 – ಡಿಸೆಂಬರ್ 12, 1934) ಇವರು ನಾರ್ವೆ ದೇಶದ ಪ್ರಸಿದ್ಧ ಸ್ಕೀ ಕ್ರೀಡಾಪಟು. 1924ರಲ್ಲಿ ಫ್ರಾನ್ಸ್‌ನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟದಲ್ಲಿ 50 ಕಿ.ಮೀ. ಕ್ರಾಸ್ ಕಂಟ್ರಿ, 18 ಕಿ.ಮೀ. ಕ್ರಾಸ್ ಕಂಟ್ರಿ ಹಾಗೂ ನಾರ್ಡಿಕ್ ಕಂಬೈನ್ಡ್ ಸ್ಪರ್ಧೆಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದರು. ಆ ಕೂಟದಲ್ಲಿ ನಾರ್ವೆ ಗಳಿಸಿದ ಒಟ್ಟು ನಾಲ್ಕು ಚಿನ್ನಗಳಲ್ಲಿ ಮೂರು ಇವರೊಬ್ಬರದೇ. ಸ್ಕೀ ಜಿಗಿತದಲ್ಲಿ ಇವರಿಗೆ ಕಂಚಿನ ಪದಕವೂ ದೊರೆತಿತ್ತು. ಆದರೆ ಅಂಕಗಳ ಲೆಕ್ಕದಲ್ಲಿ ತಪ್ಪಾಗಿದ್ದುದು ಐವತ್ತು ವರ್ಷಗಳ ಬಳಿಕ ಬೆಳಕಿಗೆ ಬಂದು, ಆ ಪದಕವನ್ನು 1974ರಲ್ಲಿ ಅಮೆರಿಕದ ಆಂಡರ್ಸ್ ಹೌಗೆನ್ ಅವರಿಗೆ ನೀಡಲಾಯಿತು. ಅಷ್ಟರಲ್ಲಿ ಥೋರ್ಲೈಫ್ ಹೌಗ್ ನಿಧನರಾಗಿ ನಲವತ್ತು ವರ್ಷಗಳಾಗುತ್ತ ಬಂದಿದ್ದವು.

ಜನನ ಮತ್ತು ಹಿನ್ನೆಲೆ

ಹೌಗ್ ಅವರು ಆಗ್ನೇಯ ನಾರ್ವೆಯ ಲಿಯೆರ್ ಎಂಬ ಪ್ರದೇಶದಲ್ಲಿ ಜನಿಸಿದರು. ಲಿಯೆರ್ ಪ್ರದೇಶವು ರಾಜಧಾನಿ ಓಸ್ಲೋದ ನೈಋತ್ಯಕ್ಕಿರುವ ಡ್ರಾಮೆನ್ ನಗರಕ್ಕೆ ಹೊಂದಿಕೊಂಡಿದೆ. ಓಸ್ಲೋ ನಗರಕ್ಕೆ 1924ರ ಕೊನೆಯವರೆಗೂ ಕ್ರಿಸ್ಟಿಯಾನಿಯಾ ಎಂಬ ಹೆಸರಿತ್ತು. ಹೌಗ್ ತಮ್ಮ ಕ್ರೀಡಾಜೀವನದಲ್ಲಿ ಡ್ರಾಮೆನ್‌ನ ಡ್ರಾಫ್ನ್ ಕ್ರೀಡಾ ಸಂಘವನ್ನು ಪ್ರತಿನಿಧಿಸಿದರು.

ಅವರು ಬೆಳೆದ ಕಾಲದಲ್ಲಿ ನಾರ್ವೆಯ ಜನರಿಗೆ ಸ್ಕೀಯಿಂಗ್ ಕೇವಲ ಆಟವಾಗಿರಲಿಲ್ಲ. ಹಿಮ ಮುಚ್ಚಿದ ನಾಡಿನಲ್ಲಿ ಮರದ ಉದ್ದನೆಯ ಪಟ್ಟಿಗಳನ್ನು ಪಾದಗಳಿಗೆ ಕಟ್ಟಿಕೊಂಡು ಸಾಗುವುದು ನಿತ್ಯದ ಸಂಚಾರದ ವಿಧಾನವಾಗಿತ್ತು. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಅವರ ತಂಡವು ಸ್ಕೀಗಳ ಮೇಲೆ ಗ್ರೀನ್‌ಲ್ಯಾಂಡಿನ ಹಿಮಹಾಸನ್ನು ದಾಟಿತು. 1911ರಲ್ಲಿ ರೋಆಲ್ಡ್ ಅಮುಂಡ್‌ಸೆನ್ ಅವರ ತಂಡ ಸ್ಕೀಗಳ ಹಾಗೂ ನಾಯಿಗಾಡಿಗಳ ನೆರವಿನಿಂದ ದಕ್ಷಿಣ ಧ್ರುವವನ್ನು ಮೊದಲು ತಲುಪಿತು. ಈ ಎರಡು ಘಟನೆಗಳ ನಡುವೆ, 1905ರಲ್ಲಿ, ನಾರ್ವೆಯು ಸ್ವೀಡನ್‌ನೊಡನೆ ಇದ್ದ ಒಕ್ಕೂಟದಿಂದ ಹೊರಬಂದು ಪೂರ್ಣ ಸ್ವತಂತ್ರವಾಯಿತು. ಹೀಗಾಗಿ ಹೊಸ ರಾಷ್ಟ್ರದ ಆತ್ಮಗೌರವದಲ್ಲಿ ಸ್ಕೀಯಿಂಗ್‌ಗೆ ದೊಡ್ಡ ಸ್ಥಾನವಿತ್ತು. ಸ್ಕೀಯಲ್ಲಿ ಗೆದ್ದವರನ್ನು ಜನರು ರಾಷ್ಟ್ರವೀರರಂತೆ ಕಾಣುತ್ತಿದ್ದರು.

ಹೊಲ್ಮೆನ್‌ಕೊಲ್ಲೆನ್ ಸ್ಪರ್ಧೆಗಳಲ್ಲಿ

ಚಳಿಗಾಲದ ಒಲಿಂಪಿಕ್ಸ್ ಆರಂಭವಾಗುವ ಮೊದಲು ಸ್ಕೀ ಕ್ರೀಡಾಪಟುಗಳ ಪಾಲಿಗೆ ಅತಿ ದೊಡ್ಡ ಗೌರವವೆಂದರೆ ಹೊಲ್ಮೆನ್‌ಕೊಲ್ಲೆನ್ ಉತ್ಸವದ ಗೆಲುವು. ರಾಜಧಾನಿಯ ಅಂಚಿನಲ್ಲಿರುವ ಹೊಲ್ಮೆನ್‌ಕೊಲ್ಲೆನ್ ಗುಡ್ಡದಲ್ಲಿ 1892ರಿಂದ ಈ ಸ್ಪರ್ಧೆಗಳು ನಡೆಯುತ್ತ ಬಂದಿವೆ. ಅಲ್ಲಿನ 50 ಕಿ.ಮೀ. ಓಟವು ದೇಹಬಲ, ಸಹನೆ ಮತ್ತು ಹಿಮದ ತಿಳಿವಳಿಕೆ ಮೂರನ್ನೂ ಪರೀಕ್ಷಿಸುವ ಕಠಿಣ ಸ್ಪರ್ಧೆಯೆಂದು ಹೆಸರಾಗಿತ್ತು.

ಹೌಗ್ ಈ 50 ಕಿ.ಮೀ. ಓಟವನ್ನು ಆರು ಬಾರಿ ಗೆದ್ದರು. 1918, 1919, 1920 ಮತ್ತು 1921ರಲ್ಲಿ ಸತತವಾಗಿ ನಾಲ್ಕು ಸಲ ಗೆದ್ದ ಅವರಿಗೆ 1922ರಲ್ಲಿ ಮಾತ್ರ ಪ್ರಥಮ ಸ್ಥಾನ ದೊರೆಯಲಿಲ್ಲ. 1923 ಮತ್ತು 1924ರಲ್ಲಿ ಮತ್ತೆ ಅಗ್ರಸ್ಥಾನ ಪಡೆದರು. ಇದಲ್ಲದೆ 1919, 1920 ಮತ್ತು 1921ರಲ್ಲಿ ಅಲ್ಲಿನ ನಾರ್ಡಿಕ್ ಕಂಬೈನ್ಡ್ ಸ್ಪರ್ಧೆಯನ್ನೂ ಗೆದ್ದರು. ಒಂದೇ ವರ್ಷದಲ್ಲಿ ದೂರದ ಓಟ ಮತ್ತು ಸಂಯುಕ್ತ ಸ್ಪರ್ಧೆ ಎರಡನ್ನೂ ಗೆಲ್ಲುವುದು ಅಪರೂಪ. ಹೌಗ್ ಅದನ್ನು ಮೂರು ವರ್ಷ ಸತತವಾಗಿ ಸಾಧಿಸಿದರು. ನಾರ್ವೆಯ ಸ್ಕೀ ಕ್ರೀಡೆಯಲ್ಲಿ ಅತ್ಯುನ್ನತ ಗೌರವವಾದ ಹೊಲ್ಮೆನ್‌ಕೊಲ್ಲೆನ್ ಪದಕವು ಅವರಿಗೆ 1919ರಲ್ಲಿ ಲಭಿಸಿತು.

1924ರ ಶಾಮೊನಿ ಕ್ರೀಡಾಕೂಟ

ಕೂಟದ ಹಿನ್ನೆಲೆ

ಬೇಸಿಗೆಯ ಒಲಿಂಪಿಕ್ಸ್‌ನಂತೆ ಚಳಿಗಾಲದ ಕ್ರೀಡೆಗಳಿಗೂ ಪ್ರತ್ಯೇಕ ಅಂತರರಾಷ್ಟ್ರೀಯ ಕೂಟ ಬೇಕೆಂಬ ಬೇಡಿಕೆ 1920ರ ದಶಕದ ಆರಂಭದಲ್ಲಿ ಬಲಗೊಂಡಿತು. ಉತ್ತರ ಯುರೋಪಿನ ರಾಷ್ಟ್ರಗಳು ಇದನ್ನು ಮೊದಲು ಒಪ್ಪಲಿಲ್ಲ. ಸ್ವೀಡನ್ನಿನಲ್ಲಿ 1901ರಿಂದ ನಾರ್ಡಿಕ್ ಕ್ರೀಡಾಕೂಟಗಳು ನಡೆಯುತ್ತಿದ್ದವು. ನಾರ್ವೆಗೆ ತನ್ನದೇ ಆದ ಹೊಲ್ಮೆನ್‌ಕೊಲ್ಲೆನ್ ಇತ್ತು. ಹೊಸ ಕೂಟದಿಂದ ಇವುಗಳ ಮಹತ್ವ ಕುಗ್ಗಬಹುದೆಂಬ ಅಳುಕು ಆ ದೇಶಗಳಲ್ಲಿತ್ತು. ಕೊನೆಗೆ ಒಲಿಂಪಿಕ್ಸ್ ಎಂಬ ಹೆಸರಿಲ್ಲದೆ, ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾ ಸಪ್ತಾಹ ಎಂಬ ಹೆಸರಿನಲ್ಲಿ, ಮಾಂಟ್ ಬ್ಲಾಂಕ್ ಪರ್ವತದ ತಪ್ಪಲಿನ ಶಾಮೊನಿಯಲ್ಲಿ ಕೂಟ ನಡೆಸಲು ಒಪ್ಪಿಗೆಯಾಯಿತು. ಹೆಸರಿಗೆ ಸಪ್ತಾಹವಾದರೂ ಅದು ಜನವರಿ 25ರಿಂದ ಫೆಬ್ರವರಿ 5ರವರೆಗೆ ನಡೆಯಿತು. 16 ರಾಷ್ಟ್ರಗಳು ಭಾಗವಹಿಸಿದವು. ಕೂಟ ಯಶಸ್ವಿಯಾದ ಕಾರಣ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1926ರಲ್ಲಿ ಇದನ್ನು ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಪೂರ್ವಾನ್ವಯವಾಗಿ ಮಾನ್ಯ ಮಾಡಿತು. ಹೀಗಾಗಿ ಹೌಗ್ ಮತ್ತು ಅವರ ಸಂಗಡಿಗರು ಒಲಿಂಪಿಕ್ ವಿಜೇತರೆಂದು ಅಧಿಕೃತವಾಗಿ ಕರೆಸಿಕೊಂಡದ್ದು ಸ್ಪರ್ಧೆ ಮುಗಿದ ಎರಡು ವರ್ಷಗಳ ಬಳಿಕ.

ನಾರ್ವೆ ತಂಡ

ನಾರ್ವೆ ಕಳುಹಿಸಿದ್ದು 14 ಮಂದಿಯ ಸಣ್ಣ ತಂಡ. ಇವರಲ್ಲಿ 13 ಪುರುಷರು, ಒಬ್ಬಳು ಬಾಲಕಿ. ಆ ಬಾಲಕಿಯೇ ಮುಂದೆ ಫಿಗರ್ ಸ್ಕೇಟಿಂಗ್‌ನಲ್ಲಿ ಮೂರು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಸೋನ್ಯಾ ಹೆನಿ. ಆಗ ಆಕೆಗೆ 11 ವರ್ಷ. ಎಂಟು ಸ್ಪರ್ಧಿಗಳಲ್ಲಿ ಆಕೆ ಕೊನೆಯವಳಾದಳು.

ಮೊದಲು ಮುಗಿದದ್ದು ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆಗಳು. ಜನವರಿ 26 ಮತ್ತು 27ರಂದು ನಡೆದ ಈ ಸ್ಪರ್ಧೆಗಳಲ್ಲಿ ನಾರ್ವೆಯವರು ಮೂರು ಬೆಳ್ಳಿ ಮತ್ತು ನಾಲ್ಕು ಕಂಚಿನ ಪದಕಗಳನ್ನು ಪಡೆದರು. ರೋಆಲ್ಡ್ ಲಾರ್ಸೆನ್ ಒಬ್ಬರೇ ಐದು ಪದಕ ಗಳಿಸಿದರು. ಆದರೆ ಚಿನ್ನ ಒಂದೂ ಬರಲಿಲ್ಲ. ಐದು ಚಿನ್ನಗಳಲ್ಲಿ ಒಂದು ಅಮೆರಿಕದ ಪಾಲಾಯಿತು. ಉಳಿದ ನಾಲ್ಕನ್ನೂ ಫಿನ್ಲೆಂಡ್ ಪಡೆಯಿತು. ಅವುಗಳಲ್ಲಿ ಮೂರು ಕ್ಲಾಸ್ ತುನ್‌ಬರ್ಗ್ ಅವರದು. ಹೀಗೆ ಸ್ಕೀ ಸ್ಪರ್ಧೆಗಳು ಆರಂಭವಾಗುವ ವೇಳೆಗೆ ಫಿನ್ಲೆಂಡ್ ನಾಲ್ಕು ಚಿನ್ನಗಳೊಂದಿಗೆ ಮುಂದಿತ್ತು. ನಾರ್ವೆಯ ಖಾತೆ ಇನ್ನೂ ತೆರೆದಿರಲಿಲ್ಲ. ಅದರ ನಿರೀಕ್ಷೆಯೆಲ್ಲ ಸ್ಕೀ ತಂಡದ ಮೇಲೆ, ಅದರಲ್ಲೂ 29 ವರ್ಷದ ಹೌಗ್ ಅವರ ಮೇಲೆ ನಿಂತಿತ್ತು.

50 ಕಿ.ಮೀ. ಓಟ

ಜನವರಿ 30ರಂದು 50 ಕಿ.ಮೀ. ಓಟ ನಡೆಯಿತು. ಹೌಗ್ 3 ಗಂಟೆ 44 ನಿಮಿಷ 32 ಸೆಕೆಂಡುಗಳಲ್ಲಿ ಗುರಿ ತಲುಪಿ ಚಿನ್ನ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ ದೊರೆತ ಮೊದಲ ಚಿನ್ನ ಇದೇ. ಥೋರಾಲ್ಫ್ ಸ್ಟ್ರೋಮ್‌ಸ್ಟಾಡ್ 1 ನಿಮಿಷ 51 ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾದರು. ಯೊಹಾನ್ ಗ್ರೊಟ್ಟುಮ್ಸ್‌ಬ್ರಾಟೆನ್ ಮೂರನೆಯವರಾಗಿ, ಯೋನ್ ಮಾರ್ಡಾಲೆನ್ ನಾಲ್ಕನೆಯವರಾಗಿ ಬಂದರು. ಮೊದಲ ನಾಲ್ಕೂ ಸ್ಥಾನಗಳು ನಾರ್ವೆಯವರದೇ. ಈ ನಾಲ್ವರ ನಡುವಿನ ಅಂತರ ಸುಮಾರು ಐದು ನಿಮಿಷವಾದರೆ, ಐದನೆಯವರಾದ ಸ್ವೀಡನ್ನಿನ ಸ್ಪರ್ಧಿ ನಾಲ್ಕನೆಯವರಿಗಿಂತಲೂ ಹದಿನೈದು ನಿಮಿಷಕ್ಕೂ ಹೆಚ್ಚು ಹಿಂದಿದ್ದರು.

18 ಕಿ.ಮೀ. ಓಟ

ಮೂರು ದಿನಗಳ ನಂತರ, ಫೆಬ್ರವರಿ 2ರಂದು, 18 ಕಿ.ಮೀ. ಓಟ ನಡೆಯಿತು. ದೂರ ಕಡಿಮೆಯಾದಷ್ಟೂ ವೇಗದ ಪಾತ್ರ ಹೆಚ್ಚು. ಹಾಗಾಗಿ ದೀರ್ಘ ಓಟದ ಪಟುವಿಗೆ ಇದು ಬೇರೆಯೇ ಬಗೆಯ ಪರೀಕ್ಷೆಯಾಗಿತ್ತು. ಹೌಗ್ 1 ಗಂಟೆ 14 ನಿಮಿಷ 31 ಸೆಕೆಂಡುಗಳಲ್ಲಿ ಓಟ ಮುಗಿಸಿ, ಗ್ರೊಟ್ಟುಮ್ಸ್‌ಬ್ರಾಟೆನ್ ಅವರಿಗಿಂತ 1 ನಿಮಿಷ 20 ಸೆಕೆಂಡು ಮುಂಚೆ ಗುರಿ ಮುಟ್ಟಿದರು. ಕಂಚು ಫಿನ್ಲೆಂಡಿನ ತಪಾನಿ ನಿಕು ಅವರಿಗೆ ಸಂದಿತು. ಅದೇ ದಿನ ಶಾಮೊನಿಯಲ್ಲಿ ವಿವಿಧ ದೇಶಗಳ ಪ್ರತಿನಿಧಿಗಳು ಸೇರಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವನ್ನು ಸ್ಥಾಪಿಸಿದರು.

ನಾರ್ಡಿಕ್ ಕಂಬೈನ್ಡ್

ಕ್ರಾಸ್ ಕಂಟ್ರಿ ಓಟ ಮತ್ತು ಸ್ಕೀ ಜಿಗಿತ ಎರಡರ ಅಂಕಗಳನ್ನೂ ಕೂಡಿಸಿ ವಿಜೇತರನ್ನು ನಿರ್ಧರಿಸುವ ಸ್ಪರ್ಧೆಯೇ ನಾರ್ಡಿಕ್ ಕಂಬೈನ್ಡ್. ಓಟಕ್ಕೆ ದೀರ್ಘಕಾಲದ ಸಹನೆ ಬೇಕು. ಜಿಗಿತಕ್ಕೆ ಕ್ಷಣಮಾತ್ರದ ಧೈರ್ಯ ಮತ್ತು ಸಮತೋಲ ಬೇಕು. ಇವೆರಡೂ ಒಬ್ಬರಲ್ಲೇ ಕೂಡಿರುವವರು ಮಾತ್ರ ಪರಿಪೂರ್ಣ ಸ್ಕೀ ಪಟು ಎಂಬ ನಂಬಿಕೆ ಆಗಿನ ನಾರ್ವೆಯಲ್ಲಿತ್ತು. ಶಾಮೊನಿಯಲ್ಲಿ 18 ಕಿ.ಮೀ. ಓಟದ ಫಲಿತಾಂಶವನ್ನೇ ಈ ಸ್ಪರ್ಧೆಯ ಓಟದ ಭಾಗವಾಗಿ ಪರಿಗಣಿಸಲಾಯಿತು. ಫೆಬ್ರವರಿ 4ರಂದು ಜಿಗಿತದ ಭಾಗ ನಡೆಯಿತು. ಓಟದಲ್ಲಿ ಪ್ರಥಮರಾಗಿದ್ದ ಹೌಗ್ ಒಟ್ಟು 18.906 ಅಂಕಗಳೊಂದಿಗೆ ತಮ್ಮ ಮೂರನೆಯ ಚಿನ್ನ ಪಡೆದರು. ಸ್ಟ್ರೋಮ್‌ಸ್ಟಾಡ್ 18.219 ಅಂಕಗಳಿಂದ ಬೆಳ್ಳಿಯನ್ನೂ, ಗ್ರೊಟ್ಟುಮ್ಸ್‌ಬ್ರಾಟೆನ್ 17.854 ಅಂಕಗಳಿಂದ ಕಂಚನ್ನೂ ಗೆದ್ದರು. ಇಲ್ಲಿಯೂ ಮೊದಲ ನಾಲ್ಕು ಸ್ಥಾನಗಳು ನಾರ್ವೆಗೇ ದೊರೆತವು.

ಸ್ಕೀ ಜಿಗಿತ

ಅದೇ ಫೆಬ್ರವರಿ 4ರಂದು ಪ್ರತ್ಯೇಕ ಸ್ಕೀ ಜಿಗಿತ ಸ್ಪರ್ಧೆಯೂ ನಡೆಯಿತು. ಜಿಗಿದ ದೂರದ ಜೊತೆಗೆ ಗಾಳಿಯಲ್ಲಿ ದೇಹವನ್ನು ಹಿಡಿದ ರೀತಿ ಮತ್ತು ನೆಲ ಮುಟ್ಟಿದ ಶೈಲಿಗೂ ತೀರ್ಪುಗಾರರು ಅಂಕ ನೀಡುತ್ತಿದ್ದರು. ಬಳಿಕ ಈ ಅಂಕಗಳಿಂದ ಕೈಯಲ್ಲೇ ಲೆಕ್ಕ ಹಾಕಿ ಅಂತಿಮ ಫಲಿತಾಂಶ ಸಿದ್ಧಪಡಿಸಲಾಗುತ್ತಿತ್ತು. ನಾರ್ವೆಯ ಯಾಕೋಬ್ ತುಲ್ಲಿನ್ ತಾಮ್ಸ್ 18.960 ಅಂಕಗಳಿಂದ ಚಿನ್ನ ಗೆದ್ದರು. ಅದೇ ದೇಶದ ನಾರ್ವೆ ಬೊನ್ನಾ 18.689 ಅಂಕಗಳಿಂದ ಬೆಳ್ಳಿ ಪಡೆದರು. ಹೌಗ್ ಅವರಿಗೆ 18.000 ಅಂಕಗಳೆಂದು ಘೋಷಿಸಿ ಮೂರನೆಯ ಸ್ಥಾನ ನೀಡಲಾಯಿತು. ಅಮೆರಿಕದ ಆಂಡರ್ಸ್ ಹೌಗೆನ್ 17.916 ಅಂಕಗಳೊಂದಿಗೆ ನಾಲ್ಕನೆಯವರೆಂದು ದಾಖಲಾದರು.

ಆಂಡರ್ಸ್ ಹೌಗೆನ್ ಸಹ ನಾರ್ವೆಯಲ್ಲೇ ಹುಟ್ಟಿದವರು. 1888ರಲ್ಲಿ ಟೆಲೆಮಾರ್ಕ್ ಪ್ರಾಂತ್ಯದಲ್ಲಿ ಜನಿಸಿದ ಅವರು ಯೌವನದಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿನ ಪ್ರಮುಖ ಜಿಗಿತಗಾರರಾಗಿ ಬೆಳೆದಿದ್ದರು. ಶಾಮೊನಿಯಲ್ಲಿ ಅಮೆರಿಕದ ಸ್ಕೀ ತಂಡಕ್ಕೆ ಅವರೇ ನಾಯಕರಾಗಿದ್ದರು. ಆ ದಿನ ಅವರು ಹೌಗ್ ಅವರಿಗಿಂತ ಹೆಚ್ಚು ದೂರ ಜಿಗಿದಿದ್ದರೂ ಶೈಲಿಯ ಅಂಕಗಳಲ್ಲಿ ಹಿಂದೆ ಬಿದ್ದಿದ್ದರು. ಇಬ್ಬರ ಕುಲನಾಮಗಳೂ ದಿಣ್ಣೆ ಎಂಬ ಅರ್ಥದ ಒಂದೇ ನಾರ್ವೇಜಿಯನ್ ಪದದಿಂದ ಬಂದಿವೆ.

ತಂಡದ ಒಟ್ಟು ಸಾಧನೆ

ಕೂಟ ಮುಗಿದಾಗ ನಾರ್ವೆ ಮತ್ತು ಫಿನ್ಲೆಂಡ್ ಎರಡೂ ತಲಾ ನಾಲ್ಕು ಚಿನ್ನ ಗೆದ್ದು ಸಮನಾಗಿದ್ದವು. ಆದರೆ ನಾರ್ವೆಗೆ ಏಳು ಬೆಳ್ಳಿಗಳಿದ್ದರೆ ಫಿನ್ಲೆಂಡಿಗೆ ನಾಲ್ಕು ಬೆಳ್ಳಿಗಳಿದ್ದವು. ಇದರಿಂದ ನಾರ್ವೆ ಅಗ್ರಸ್ಥಾನ ಪಡೆಯಿತು. ಅಂದಿನ ಲೆಕ್ಕದಂತೆ ನಾರ್ವೆಯ ಒಟ್ಟು ಪದಕಗಳು 18. ನಂತರದ ತಿದ್ದುಪಡಿಯಿಂದ ಅವು 17 ಆಗಿವೆ. ಮಿಲಿಟರಿ ಪೆಟ್ರೋಲ್ ಸ್ಪರ್ಧೆಯನ್ನು ಬಿಟ್ಟರೆ ಉಳಿದ ನಾಲ್ಕು ಸ್ಕೀ ಸ್ಪರ್ಧೆಗಳ 12 ಪದಕಗಳಲ್ಲಿ 11 ಪದಕಗಳನ್ನು ಆಗ ನಾರ್ವೆಯವರು ಪಡೆದಿದ್ದರು. ನಾರ್ವೆಯ ನಾಲ್ಕೂ ಚಿನ್ನಗಳು ಸ್ಕೀಯಿಂಗ್‌ನಿಂದಲೇ ಬಂದವು. ಅವುಗಳಲ್ಲಿ ತಾಮ್ಸ್ ಅವರ ಒಂದನ್ನು ಬಿಟ್ಟು ಉಳಿದ ಮೂರೂ ಹೌಗ್ ಅವರವು. ಇವುಗಳಲ್ಲಿ ಒಂದು ಕೈತಪ್ಪಿದ್ದರೂ ಚಿನ್ನದ ಲೆಕ್ಕದಲ್ಲಿ ಫಿನ್ಲೆಂಡ್ ಮೊದಲ ಸ್ಥಾನದಲ್ಲಿರುತ್ತಿತ್ತು.

ನಂತರದ ಸ್ಪರ್ಧೆಗಳು

ಶಾಮೊನಿಯಿಂದ ಮರಳಿದ ಹೌಗ್ ಅದೇ ವರ್ಷ ಹೊಲ್ಮೆನ್‌ಕೊಲ್ಲೆನ್‌ನ 50 ಕಿ.ಮೀ. ಓಟವನ್ನು ಆರನೆಯ ಮತ್ತು ಕೊನೆಯ ಬಾರಿಗೆ ಗೆದ್ದರು. 1926ರಲ್ಲಿ ಫಿನ್ಲೆಂಡಿನ ಲಾಹ್ತಿಯಲ್ಲಿ ನಡೆದ ವಿಶ್ವ ಸ್ಕೀ ಚಾಂಪಿಯನ್‌ಷಿಪ್‌ನಲ್ಲಿ ನಾರ್ಡಿಕ್ ಕಂಬೈನ್ಡ್ ವಿಭಾಗದ ಬೆಳ್ಳಿ ಪದಕ ಪಡೆದರು. ಅಲ್ಲಿ ಚಿನ್ನ ಗೆದ್ದವರು ಶಾಮೊನಿಯಲ್ಲಿ ಅವರ ಹಿಂದೆ ಬಂದಿದ್ದ ಗ್ರೊಟ್ಟುಮ್ಸ್‌ಬ್ರಾಟೆನ್.

1928ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ನಡೆದ ಎರಡನೆಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹೌಗ್ ಸ್ಪರ್ಧಿಸಲಿಲ್ಲ. ಅಲ್ಲಿ 18 ಕಿ.ಮೀ. ಓಟ ಮತ್ತು ನಾರ್ಡಿಕ್ ಕಂಬೈನ್ಡ್ ಚಿನ್ನಗಳನ್ನು ಗ್ರೊಟ್ಟುಮ್ಸ್‌ಬ್ರಾಟೆನ್ ಗೆದ್ದು ನಾರ್ವೆಯ ಬಳಿಯೇ ಉಳಿಸಿದರು. ಆದರೆ ಹೌಗ್ ಅವರ ನೆಚ್ಚಿನ 50 ಕಿ.ಮೀ. ಓಟದಲ್ಲಿ ಮೂರೂ ಪದಕಗಳು ಸ್ವೀಡನ್ನಿನ ಪಾಲಾದವು.

ನಿಧನ

ಹೌಗ್ ಅವರು 1934ರ ಡಿಸೆಂಬರ್ 12ರಂದು ಡ್ರಾಮೆನ್‌ನಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 40 ವರ್ಷ ವಯಸ್ಸಾಗಿತ್ತು. ಹಿಮದಲ್ಲಿ ಗಂಟೆಗಟ್ಟಲೆ ಓಡಿಯೂ ದಣಿಯದ ದೇಹಬಲಕ್ಕೆ ಹೆಸರಾಗಿದ್ದವರು ನಡುವಯಸ್ಸಿನಲ್ಲೇ ಶ್ವಾಸಕೋಶದ ಸೋಂಕಿಗೆ ಬಲಿಯಾದರು. ಪೆನಿಸಿಲಿನ್‌ನಂತಹ ಪ್ರತಿಜೀವಕ ಔಷಧಗಳು ಆಗಿನ್ನೂ ಚಿಕಿತ್ಸೆಗೆ ಲಭ್ಯವಿರಲಿಲ್ಲ.

ಕಂಚಿನ ಪದಕದ ತಿದ್ದುಪಡಿ

ಶಾಮೊನಿಯ ಸ್ಕೀ ಜಿಗಿತದ ಫಲಿತಾಂಶವು ಐವತ್ತು ವರ್ಷಗಳ ಕಾಲ ಯಾವ ಪ್ರಶ್ನೆಯೂ ಇಲ್ಲದೆ ದಾಖಲೆಗಳಲ್ಲಿ ಉಳಿದಿತ್ತು. 1974ರಲ್ಲಿ, ಕೂಟದ ಐವತ್ತನೆಯ ವರ್ಷದಲ್ಲಿ, ಅಂಕಗಳ ಲೆಕ್ಕದಲ್ಲಿ ತಪ್ಪಿರುವುದನ್ನು ಥೋರಾಲ್ಫ್ ಸ್ಟ್ರೋಮ್‌ಸ್ಟಾಡ್ ಗಮನಕ್ಕೆ ತಂದರು. ಇವರು 1924ರಲ್ಲಿ ಹೌಗ್ ಅವರ ತಂಡದಲ್ಲೇ ಇದ್ದು ಎರಡು ಬೆಳ್ಳಿ ಪದಕ ಗೆದ್ದವರು. ನಾರ್ವೆಯ ಸ್ಕೀ ಇತಿಹಾಸಕಾರ ಯಾಕೋಬ್ ವಾಗೆ ಹಳೆಯ ಅಂಕಪಟ್ಟಿಯನ್ನು ಪರಿಶೀಲಿಸಿ ಇದನ್ನು ದೃಢಪಡಿಸಿದರು. ಸರಿಯಾದ ಲೆಕ್ಕದಂತೆ ಹೌಗ್ ಅವರಿಗೆ ಸಲ್ಲಬೇಕಾಗಿದ್ದುದು 18.000 ಅಲ್ಲ, 17.813 ಅಂಕಗಳು. ಇದು ಹೌಗೆನ್ ಅವರ 17.916 ಅಂಕಗಳಿಗಿಂತ 0.103ರಷ್ಟು ಕಡಿಮೆ. ಅಂದರೆ ಮೂರನೆಯ ಸ್ಥಾನ ಹೌಗೆನ್ ಅವರದು, ನಾಲ್ಕನೆಯ ಸ್ಥಾನ ಹೌಗ್ ಅವರದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಈ ತಿದ್ದುಪಡಿಯನ್ನು ಒಪ್ಪಿಕೊಂಡಿತು.

ಈ ತಪ್ಪಿನಲ್ಲಿ ಹೌಗ್ ಅವರ ಪಾಲೇನೂ ಇರಲಿಲ್ಲ. ತೀರ್ಪುಗಾರರ ಕಡೆಯ ಕೂಡುವಿಕೆಯಲ್ಲಿ ಆದ ದೋಷವದು. ತಮ್ಮ ಬಳಿ ಇದ್ದ ಕಂಚು ಬೇರೊಬ್ಬರದೆಂಬುದನ್ನು ಅರಿಯದೆಯೇ ಅವರು ತೀರಿಹೋಗಿದ್ದರು. ತಪ್ಪನ್ನು ಎತ್ತಿ ತೋರಿಸಿದವರು ಅವರ ಸ್ವಂತ ತಂಡದ ಸಂಗಡಿಗ. ಅದನ್ನು ದೃಢಪಡಿಸಿದವರು ಅವರ ದೇಶದ ಇತಿಹಾಸಕಾರ. ಪದಕವನ್ನು ಹಿಂದಿರುಗಿಸಿದವರು ಅವರ ಕುಟುಂಬದವರು. ತಿದ್ದುಪಡಿಯಿಂದ ನಷ್ಟವಾದದ್ದು ನಾರ್ವೆಗೇ ಆದರೂ, ಅದರ ಪ್ರತಿ ಹಂತವೂ ನಾರ್ವೆಯವರ ಕೈಯಿಂದಲೇ ನಡೆಯಿತು.

1974ರ ಸೆಪ್ಟೆಂಬರ್ ತಿಂಗಳಿನಲ್ಲಿ ಓಸ್ಲೋದಲ್ಲಿ ನಡೆದ ಸಮಾರಂಭದಲ್ಲಿ ಹೌಗ್ ಅವರ ಮಗಳು ಆ ಕಂಚಿನ ಪದಕವನ್ನು ಆಂಡರ್ಸ್ ಹೌಗೆನ್ ಅವರಿಗೆ ಹಸ್ತಾಂತರಿಸಿದರು. ಆಗ ಹೌಗೆನ್ ಅವರಿಗೆ 85 ವರ್ಷ. ತಾವು ಹುಟ್ಟಿದ ದೇಶದ ರಾಜಧಾನಿಯಲ್ಲಿ, ತಾವು ವಲಸೆ ಹೋದ ದೇಶದ ಪರವಾಗಿ ಗೆದ್ದ ಪದಕವನ್ನು ಅವರು ಸ್ವೀಕರಿಸಿದರು. ಅವರು 1984ರಲ್ಲಿ ನಿಧನರಾದರು. 2022ರ ಚಳಿಗಾಲದ ಒಲಿಂಪಿಕ್ಸ್‌ವರೆಗಿನ ದಾಖಲೆಗಳಂತೆ, ಸ್ಕೀ ಜಿಗಿತದಲ್ಲಿ ಒಲಿಂಪಿಕ್ ಪದಕ ಪಡೆದ ಏಕೈಕ ಅಮೆರಿಕನ್ ಅವರೇ.

ಸ್ಥಾನಮಾನ ಮತ್ತು ಸ್ಮರಣೆ

ತಿದ್ದುಪಡಿಯ ಬಳಿಕ ಒಲಿಂಪಿಕ್ ದಾಖಲೆಗಳಲ್ಲಿ ಹೌಗ್ ಅವರ ಹೆಸರಿನ ಮುಂದೆ ಮೂರು ಚಿನ್ನದ ಪದಕಗಳು ಮಾತ್ರ ಇವೆ. ಕಂಚು ಹೋದರೂ ಅವರ ಸ್ಥಾನಕ್ಕೆ ಕುಂದು ಬಂದಿಲ್ಲ. ಒಂದೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಮೊದಲಿಗರು ತುನ್‌ಬರ್ಗ್ ಮತ್ತು ಹೌಗ್. ಪುರುಷರ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಈ ಸಾಧನೆಯನ್ನು ಮತ್ತೊಬ್ಬರು ಸರಿಗಟ್ಟಲು 1980ರವರೆಗೆ ಕಾಯಬೇಕಾಯಿತು. ಆ ವರ್ಷ ಸೋವಿಯತ್ ಒಕ್ಕೂಟದ ನಿಕೊಲಾಯ್ ಝಿಮ್ಯಾಟೊವ್ ಮೂರು ಚಿನ್ನ ಗೆದ್ದರು. ಅವುಗಳಲ್ಲಿ ಒಂದು ರಿಲೇ ಸ್ಪರ್ಧೆಯದು.

ನಾರ್ಡಿಕ್ ಕಂಬೈನ್ಡ್‌ನಲ್ಲಿ ಹೌಗ್ ಆರಂಭಿಸಿದ ಗೆಲುವಿನ ಪರಂಪರೆಯನ್ನು ಅವರ ನಂತರದವರು ಮುಂದುವರಿಸಿದರು. 1924, 1928, 1932 ಮತ್ತು 1936ರ ನಾಲ್ಕೂ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಈ ಸ್ಪರ್ಧೆಯ ಮೂರೂ ಪದಕಗಳು ನಾರ್ವೆಗೇ ದೊರೆತವು. ಡ್ರಾಮೆನ್ ನಗರದಲ್ಲಿ 1946ರಲ್ಲಿ ಹೌಗ್ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಪ್ರಮುಖ ಸಾಧನೆಗಳು

- 1924ರ ಚಳಿಗಾಲದ ಒಲಿಂಪಿಕ್ಸ್, ಶಾಮೊನಿ: 50 ಕಿ.ಮೀ. ಕ್ರಾಸ್ ಕಂಟ್ರಿ – ಚಿನ್ನ
- 1924ರ ಚಳಿಗಾಲದ ಒಲಿಂಪಿಕ್ಸ್, ಶಾಮೊನಿ: 18 ಕಿ.ಮೀ. ಕ್ರಾಸ್ ಕಂಟ್ರಿ – ಚಿನ್ನ
- 1924ರ ಚಳಿಗಾಲದ ಒಲಿಂಪಿಕ್ಸ್, ಶಾಮೊನಿ: ನಾರ್ಡಿಕ್ ಕಂಬೈನ್ಡ್ – ಚಿನ್ನ
- 1924ರ ಚಳಿಗಾಲದ ಒಲಿಂಪಿಕ್ಸ್, ಶಾಮೊನಿ: ಸ್ಕೀ ಜಿಗಿತ – ನಾಲ್ಕನೆಯ ಸ್ಥಾನ (1974ರವರೆಗೆ ಮೂರನೆಯ ಸ್ಥಾನವೆಂದು ದಾಖಲಾಗಿತ್ತು)
- 1926ರ ವಿಶ್ವ ಸ್ಕೀ ಚಾಂಪಿಯನ್‌ಷಿಪ್, ಲಾಹ್ತಿ: ನಾರ್ಡಿಕ್ ಕಂಬೈನ್ಡ್ – ಬೆಳ್ಳಿ
- ಹೊಲ್ಮೆನ್‌ಕೊಲ್ಲೆನ್ 50 ಕಿ.ಮೀ.: 1918, 1919, 1920, 1921, 1923, 1924 – ಪ್ರಥಮ
- ಹೊಲ್ಮೆನ್‌ಕೊಲ್ಲೆನ್ ನಾರ್ಡಿಕ್ ಕಂಬೈನ್ಡ್: 1919, 1920, 1921 – ಪ್ರಥಮ
- ಹೊಲ್ಮೆನ್‌ಕೊಲ್ಲೆನ್ ಪದಕ: 1919